ಹನ್ನೊಂದು ಕಡಿಮೆ

ವಡಾಳಾ ಡಿಪೋದಲ್ಲಿ ಎರಡನೇ ಕಿಟಕಿ ನನ್ನದು.
ರಾತ್ರಿ ಹನ್ನೊಂದೂವರೆಗೆ ಕೊನೆಯ ಚೀಲ ಬರುತ್ತದೆ,
ಕಂದು ತೊಗಲು, ಹೊಲಿಗೆ ಬಿಟ್ಟ ಬಾಯಿ,
ಹಾಲು ಕುಡಿದ ಕೂಸಿನ ಹಾಗೆ ಮೇಜಿಗೆ ಒರಗುತ್ತದೆ.

ಸುರಿದರೆ ಶಹರವೇ ಬೀಳುತ್ತದೆ ಹೊರಗೆ.
ಮೀನಿನವಳ ನಾಣ್ಯ ಒದ್ದೆ,
ಸೆರಗಿನ ಗಂಟಿನ ವಾಸನೆ ಇನ್ನೂ ಬಿಟ್ಟಿಲ್ಲ.
ಹಿಟ್ಟಿನ ಗಿರಣಿಯ ಹುಡುಗನದು ಬಿಳಿ,
ಬಂದರಿನ ಹಮಾಲನದು ಕರಿ.
ಹತ್ತರ ನೋಟು ನಾಲ್ಕಾಗಿ, ಎಂಟಾಗಿ ಮಡಿಸಿದ್ದು;
ಅಷ್ಟು ಮಡಿಕೆ ಹಾಕುವವರು ಹೆಚ್ಚಾಗಿ ಮುದುಕಿಯರು.
ಇದನ್ನು ಚಿಲ್ಲರೆ ಅನ್ನುತ್ತಾರೆ.
ಅನ್ನಲಿ. ನಾನು ಎಣಿಸುತ್ತೇನೆ.

ಕಿಟಕಿಯಾಚೆ ಧುಮಾಳ,
ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತ.
ಪಾಳಿಯಿಡೀ ನಿಂತವನು ಕುರ್ಚಿ ಕಂಡರೂ ಕೂರುವುದಿಲ್ಲ,
ಕೂತರೆ ಏಳಲಾಗದೆಂಬ ಅಂಜಿಕೆ.
‘ಕೋಟ್ಯಾನ್ ಬಾಯಿ, ಎಷ್ಟಾಯ್ತು?’
‘ಹನ್ನೊಂದು ಕಡಿಮೆ.’

ಅದರಲ್ಲಿ ಆರು, ಕಿಂಗ್ಸ್ ಸರ್ಕಲ್ಲಿನಲ್ಲಿ ಹತ್ತಿದ ಇಸ್ತ್ರಿ ಶರ್ಟು.
ಟಿಕೆಟ್ಟು ಕೈಗೆ ಬಂದ ಮೇಲೆ ಪಾಕೀಟು ತಡವುತ್ತ, ತಡವುತ್ತ,
ಫೋನಿಗೆ ನಗುತ್ತ,
ಸಿಗ್ನಲ್ಲಿನಲ್ಲಿ ಇಳಿದೇ ಹೋಯಿತಂತೆ.
ಕೂಗಿದ್ದಕ್ಕೆ ‘ಆರು ರೂಪಾಯಿಗೆ ಇಷ್ಟು ರಂಪವಾ’ ಅಂದಿತಂತೆ,
ಬಸ್ಸಿಡೀ ಕೇಳುವ ಹಾಗೆ.
ಉಳಿದ ಐದರ ಮಾತು ಅವನು ಎತ್ತುವುದಿಲ್ಲ.
ಡ್ರೈವರ್ ಮುಕಾದಂ ಬೆಂಕಿಪೊಟ್ಟಣ ಹುಡುಕುತ್ತ ಹೇಳುತ್ತಾನೆ:
‘ದವಾಖಾನೆಗೆ ಹೊರಟ ಹೆಂಗಸು. ಮುಷ್ಟಿ ಬಿಚ್ಚಿದರೆ ಒಂದೇ ರೂಪಾಯಿ.’

ಧುಮಾಳ ತನ್ನ ಜೇಬಿಗೆ ಕೈ ಹಾಕುತ್ತಾನೆ.
ಐದು, ಐದು, ಒಂದು.
ಯಾರದೋ ಮದುವೆಗೆ ಮುಯ್ಯಿ ಓದಿಸಿದಂತೆ
ಕಿಟಕಿಯ ಅಂಚಿಗೆ ಇಡುತ್ತಾನೆ.
ಮದುಮಗನ ಹೆಸರು ಗೊತ್ತಿಲ್ಲ,
ಊಟಕ್ಕೂ ನಿಲ್ಲುವುದಿಲ್ಲ.
ಐದಕ್ಕೆ ನನ್ನ ತಕರಾರಿಲ್ಲ.
ಆ ಆರು ಮಾತ್ರ
ಮನೆಗೆ ಹೋಗಿ ಅನ್ನ ಕಲಸುವಾಗಲೂ ಕಲ್ಲಿನಂತೆ ಸಿಗುತ್ತದೆ.

ನನಗೆ ಪಾಸು ಇದೆ, ಹತ್ತೊಂಬತ್ತು ವರ್ಷದ್ದು,
ಸಂಬಳದ ಜೊತೆಗೆ ಬಂದದ್ದು, ಅದರಲ್ಲಿ ತಪ್ಪೇನಿಲ್ಲ.
ಮೊನ್ನೆ ಗುರುವಾರ ಅದು ಬೇರೆ ಚೀಲದಲ್ಲಿ ಉಳಿಯಿತು.
ಹೊಸ ಹುಡುಗಿ, ಎದೆಯ ಮೇಲೆ ‘ಥೋರಾತ್’ ಎಂದಿದೆ,
ಮಷೀನು ಹಿಡಿದ ಕೈ ಇನ್ನೂ ಪಳಗಿಲ್ಲ,
ಜೋಲಿ ಬಂದಾಗೆಲ್ಲ ಸೊಂಟದಲ್ಲೇ ಕಂಬ ಹಿಡಿಯುತ್ತಾಳೆ.
‘ತಿಕೀಟ್?’
ನನ್ನ ಗುರುತು ಅವಳಿಗಿಲ್ಲ.

ನಾಲಿಗೆಯ ತುದಿಗೆ ಬಂದಿತ್ತು: ಸ್ಟಾಫ್.
ಇನ್ನೊಂದು ಕ್ಷಣ ಆಗಿದ್ದರೆ
ಮುಖವನ್ನು ಕಿಟಕಿಗೆ ತಿರುಗಿಸಿ ಅಂದೇಬಿಡುತ್ತಿದ್ದೆ,
ಆ ಇಸ್ತ್ರಿ ಶರ್ಟು ನನಗೂ ಅಳತೆಗೆ ಸರಿಯಾಗುತ್ತಿತ್ತು.

ಪರ್ಸು ತೆರೆದೆ. ಆರು, ಬಿಡಿಯಾಗಿ.
ಅವಳು ಮುಖ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.
ನಾಣ್ಯ ಚೀಲಕ್ಕೆ ಬೀಳುವ ಸದ್ದು
ಇಷ್ಟು ವರ್ಷ ಆಚೆ ತುದಿಯಿಂದಲೇ ಕೇಳಿದ್ದೆ,
ಈಚೆಗೆ ಅದು ಬೇರೆ.
‘ಪುಢೇ ಸರಕಾ, ಪುಢೇ’ ಎನ್ನುತ್ತ ನನ್ನನ್ನೂ ಮುಂದೆ ತಳ್ಳಿದಳು.

ರಾತ್ರಿ ಅದೇ ಚೀಲ ನನ್ನ ಮೇಜಿಗೆ ಬಂತು.
ಸುರಿದೆ. ಎಣಿಸಿದೆ.
ನನ್ನ ಆರು ಯಾವುದೆಂದು ಗುರುತು ಹತ್ತಲಿಲ್ಲ,
ಮೀನಿನವಳದರ ಜೊತೆ, ಗಿರಣಿಯವನದರ ಜೊತೆ ಬೆರೆತುಹೋಗಿತ್ತು.
ಲೆಕ್ಕ ಸರಿ ಇತ್ತು.
ಸಹಿ ಎಲ್ಲಿ ಎಂದು ಕೇಳಿದಳು.
ಬಾಗಿಲು ತೆಗೆದು ಸ್ಟೂಲು ಆಚೆ ದೂಡಿದೆ: ಕೂತು ಹಾಕು.

ಹೊಸಬಳಲ್ಲವೇ,
ಕೂತುಬಿಟ್ಟಳು.