ಒಂದೂವರೆ ಸಾಲು

ವಿಭಾಗದ ಸುದ್ದಿಪತ್ರ ಬಂದಿದೆ. ಕೋಗಿಲು ಸೈಟಿನಲ್ಲಿ
ರಾತ್ರಿ ಹನ್ನೊಂದೂವರೆ, ಮೂರನೇ ಮಿಕ್ಸರ್ ಲಾರಿ
ಹೆಬ್ಬಾಳದ ಮೇಲ್ಸೇತುವೆ ಇಳಿಯಿತೋ ಇಲ್ಲವೋ ಎಂದು
ಫೋನು ನೋಡುತ್ತಿದ್ದೆ, ನಡುವೆ ಇದು.

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಎಂದು ಶುರು.
ನಿರ್ಮಾಣ ನಿರ್ವಹಣೆಯ ಕೋರ್ಸಿಗೆ ಇಪ್ಪತ್ತೈದು ತುಂಬಿತಂತೆ.
ಕಟ್ಟಡಕ್ಕೆ ಸುಣ್ಣಬಣ್ಣ, ಲ್ಯಾಬಿಗೆ ಏಸಿ,
ಕೂತಲ್ಲೇ ಸೇತುವೆ ಕಟ್ಟಿ ಬೀಳಿಸಿ ನೋಡುವುದಕ್ಕೆ
ಹನ್ನೆರಡು ಕನ್ನಡಕ.
ನಮ್ಮ ಬ್ಯಾಚಿನ ಉದಯಶಂಕರ ಬಾಳಿಗ ದೋಹಾದಲ್ಲಿ ಉಪಾಧ್ಯಕ್ಷ.
ತೂಗುಗುಂಡು ಹಿಡಿಯಲು ಬರುತ್ತಿರಲಿಲ್ಲ ಅವನಿಗೆ, ಇರಲಿ,
ಟೈ ಕಟ್ಟಿದ್ದಾನೆ, ಹಿಂದೆ ಗಾಜಿನ ಗೋಪುರ.
ತ್ರಿವೇಣಿ ಹಂಚಿನಾಳಳಿಗೆ ಪ್ರಶಸ್ತಿ.
ಅದು ಸರಿ. ಅವಳಿಗೆ ಸಿಗಬೇಕಾದ್ದೇ.

ಕೊನೆಯ ಪುಟ, ದೇಣಿಗೆಯ ಖಾತೆ ಸಂಖ್ಯೆಯ ಮೇಲುಗಡೆ
ಒಂದೂವರೆ ಸಾಲು:
ಪ್ರಯೋಗಾಲಯ ಸಹಾಯಕ ಶ್ರೀ ಮುನಿಶಾಮಪ್ಪ
ಮೂವತ್ತೊಂದು ವರ್ಷಗಳ ಸೇವೆಯ ನಂತರ ನಿವೃತ್ತರಾದರು.
ಫೋಟೊ ಇಲ್ಲ.

ಇದ್ದರೂ ಗುರುತು ಸಿಗುತ್ತಿತ್ತೋ ಏನೋ.
ನನಗೆ ನೆನಪಿರುವುದು ಬೆನ್ನು. ಕ್ಯೂಬು ಒಡೆಯುವ ಯಂತ್ರಕ್ಕೆ
ಬಾಗಿದ ಖಾಕಿ ಬೆನ್ನು, ಎಡಗಿವಿ ಅದರ ಕಡೆ.
ಮುಳ್ಳು ಏರುವುದನ್ನು ನಾವು ನೋಡುತ್ತಿದ್ದೆವು,
ಅವರು ಕೇಳುತ್ತಿದ್ದರು.
'ತಡಿಯಮ್ಮ, ಈಗ ಬಿಡ್ತದೆ' ಅನ್ನುವಷ್ಟರಲ್ಲಿ
ಒಳಗೆಲ್ಲೋ ಹುರಿಗಡಲೆ ಕಚ್ಚಿದ ಸದ್ದು.
ಮುಳ್ಳು ನಿಲ್ಲುತ್ತಿದ್ದದ್ದು ಆಮೇಲೆ.

'ಏಳು ದಿನಕ್ಕೆ ಬರೋದು ಬಾಯಿಮಾತು,
ಇಪ್ಪತ್ತೆಂಟಕ್ಕೆ ಬಂದದ್ದು ರುಜು ಹಾಕಿದ ಪತ್ರ.
ಅಲ್ಲೀಗಂಟ ನೀರಲ್ಲಿರಲಿ ಬಿಡಿ' ಎಂದು
ತೊಟ್ಟಿಗೆ ಮೊಣಕೈವರೆಗೂ ಕೈ ಇಳಿಬಿಟ್ಟು
ಎಮ್ಮೆ ಮೈ ತೊಳೆದ ಹಾಗೆ ಕ್ಯೂಬುಗಳನ್ನು ಸವರುತ್ತಿದ್ದರು.
ನನ್ನ ಮೇಲೆ ರೇಗಿದ್ದು ಒಂದೇ ಸಲ:
ಪದರಕ್ಕೆ ಮೂವತ್ತೈದು ಗುದ್ದು ಅಂದರೆ ಮೂವತ್ತೈದು.
ಮೂವತ್ತಕ್ಕೇ ಸಲಾಕೆ ಇಟ್ಟಿದ್ದೆ, ಊಟದ ಹೊತ್ತು.
ಆ ಕಡೆ ತಿರುಗಿ ಅಚ್ಚುಗಳಿಗೆ ಎಣ್ಣೆ ಸವರುತ್ತಲೇ
ಎಣಿಸಿದ್ದರು.

ಪುಟದ ತಳದಲ್ಲಿ: ನಿಮ್ಮ ಸುದ್ದಿಯನ್ನೂ ಕಳಿಸಿ.
ಬಡ್ತಿ, ಮದುವೆ, ಪೂರ್ಣಗೊಂಡ ಯೋಜನೆ.
ಐವತ್ತು ಪದ ಮೀರದಿರಲಿ.

ಬರೆಯಲೇ?
ಫರ್ಹತ್ ಜಹಾನ್, ಎರಡು ಸಾವಿರದ ಎಂಟರ ಬ್ಯಾಚು.
ಹೊರಮಾವಿನ ಒಂದು ಅಪಾರ್ಟ್‌ಮೆಂಟು, ಕಡೇ ಮಹಡಿಯ ಕಂಬಗಳು,
ಮೇಲೆ ಸ್ಲ್ಯಾಬು ಇನ್ನೂ ಹಾಕಿರಲಿಲ್ಲ.
ಇಪ್ಪತ್ತೆಂಟನೇ ದಿನ ಮುಳ್ಳು ಅರ್ಧದಾರಿಗೆ ನಿಂತಿತು.
'ಬೇರೆ ಕ್ಯೂಬು ಕಳ್ಸಿ ಮೇಡಂ,
ಅದರ ಮೇಲೇನು ಕಂಬದ ಹೆಸರು ಬರೆದಿರ್ತದಾ?'
ಬರೆದಿತ್ತು. ನಾನೇ ಮೊಳೆಯಲ್ಲಿ ಗೀಚಿದ್ದೆ, ಹಸಿಯಿದ್ದಾಗ.
ಸಹಿ ಹಾಕಲಿಲ್ಲ.
ನಾಲ್ಕು ಕಂಬ ಕೆಡವಿದರು.
ಐದನೆಯದು ನಾನು.

ಎಂಟು ತಿಂಗಳು ತಂಗಿಯ ಟ್ಯೂಷನ್ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ.
ಅಮ್ಮಿ ಏನೂ ಕೇಳಲಿಲ್ಲ,
ಚಹಾಕ್ಕೆ ಮಾತ್ರ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದಳು.
ಈಗ ಬಸ್ಸಿನಿಂದ ಕಾಣುತ್ತದೆ ಆ ಮಹಡಿ:
ಬಾಲ್ಕನಿಯಲ್ಲಿ ಒಣಗುವ ಸೀರೆ, ಗಾಳಿ ಹೋದ ಮಕ್ಕಳ ಸೈಕಲ್ಲು,
ಒಮ್ಮೊಮ್ಮೆ ಒಬ್ಬ ಮುದುಕ ಹಲ್ಲುಜ್ಜುತ್ತ ನಿಂತಿರುತ್ತಾನೆ
ನನ್ನ ನಾಲ್ಕು ಕಂಬಗಳ ನಡುವೆ.
ಬಿದ್ದಿದ್ದರೆ ಎಲ್ಲ ಪೇಪರಿನಲ್ಲೂ ಬರುತ್ತಿತ್ತು.
ಬೀಳಲಿಲ್ಲ ಎಂಬುದಕ್ಕೆ
ಐವತ್ತು ಪದ ಎಲ್ಲಿಂದ ತರಲಿ?

ಕೊನೆಗೆ ಇಷ್ಟು ಬರೆದು ಕಳಿಸಿದೆ:
ಮುನಿಶಾಮಪ್ಪನವರ ಮನೆ ಎಲ್ಲಿ?
ಫೋನ್ ನಂಬರ್ ಇದ್ದರೆ ತಿಳಿಸಿ.

ಲಾರಿ ಬಂತು. ಡ್ರಮ್ಮು ತಿರುಗುತ್ತಿದೆ, ಎದುರು ಮನೆಯ ನಾಯಿ
ತನಗೇ ಬೈದರು ಅಂದುಕೊಂಡು ಬೊಗಳುತ್ತಿದೆ.
ಮಾಲ್ದಾದ ಹುಡುಗ ಹಬೀಬುರ್ ಅಚ್ಚಿಗೆ ಕಾಂಕ್ರೀಟು ತುಂಬಿ
ಸಲಾಕೆ ಎತ್ತಿಕೊಂಡ. ನಾನು ಚಲನ್ನಿಗೆ ಟಾರ್ಚು ಹಿಡಿದು
ಡ್ರೈವರನ ಹತ್ತಿರ ಹೊತ್ತು ಯಾಕಾಯಿತೆಂದು ಜಗಳಾಡುತ್ತಿದ್ದೇನೆ,
ಅವನಿಗೆ ಬೆನ್ನು ಹಾಕಿ.
ಸದ್ದು ನಿಂತಿತು.

'ಹಬೀಬುರ್,' ತಿರುಗದೆಯೇ ಅಂದೆ,
'ಔರ್ ಚಾರ್.'