ಮುಳ್ಳು

ಗದಗಿನ ಛಾಪಖಾನೆಯ ತೋಂಟೇಶ
ಹಳೇ ಎಸ್ಟೀಮು ತಂದು ನಮ್ಮ ತಾರಿಹಾಳದ ಶೆಡ್ಡಿಗೆ ನಿಲ್ಲಿಸಿದಾಗ
ಬಾನೆಟ್ಟಿನೊಳಗೆ ಮೊದಲೇ ಕೂತಿತ್ತು ಸೂಪರ್‌ಚಾರ್ಜರು,
ಯಾವುದೋ ಜರ್ಮನ್ ಗಾಡಿಯಿಂದ ಕಳಚಿದ್ದು,
ಅಳಿಯನ ಮನೆಗೆ ಬಂದ ಮಾವನ ಹಾಗೆ
ಬಿಗುವಾಗಿ, ಬೆಲ್ಟು ಕಟ್ಟಿಕೊಂಡು.

"ಮೂರು ಮೀಟರ್ ಕೂಡಸ್ರಿ ನೀಲಕ್ಕ.
ರಾತ್ರಿ ಕೆಂಪಗ ಹೊಳೀಬೇಕು."

ಹೊಳೆಯಲಿ. ಅದು ಬಲ್ಬಿನ ಕೆಲಸ.
ನನ್ನದು ಮುಳ್ಳು ಸುಳ್ಳು ಹೇಳದಂತೆ ನೋಡುವುದು:
ಒಂದು, ಒಳಗೆ ನುಗ್ಗುವ ಗಾಳಿಯ ಒತ್ತಡಕ್ಕೆ;
ಒಂದು, ಪೆಟ್ರೋಲಿನದಕ್ಕೆ;
ಇನ್ನೊಂದು, ಸೈಲೆನ್ಸರಿನ ಕುತ್ತಿಗೆಗೆ ಸೆನ್ಸರು ಚುಚ್ಚಿ
ಉಂಡದ್ದನ್ನು ಹೊಗೆಯಲ್ಲಿ ಓದುವುದಕ್ಕೆ,
ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ.

ಎರಡು ದಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ
ರಬ್ಬರಿನ ತೂತಿನಲ್ಲಿ ವೈರು ತೂರಿಸಿದೆ.
ಅಲ್ಲಿಂದ ಕಾಣುತ್ತಿದ್ದದ್ದು ಉಸ್ತಾದರ ಚಪ್ಪಲಿ ಮಾತ್ರ.

ರಾಜೇಸಾಬ ನದಾಫ.
ಮೂವತ್ತೆಂಟು ವರ್ಷ ಲಾರಿಗಳ ಡೀಸೆಲ್ ಪಂಪು ಹದ ಮಾಡಿದವರು.
ಸ್ಕ್ರೂಡ್ರೈವರಿನ ತುದಿ ಇಂಜಿನಿಗೆ, ಹಿಡಿಕೆ ಕಿವಿಗೆ,
ಕಣ್ಣು ಮುಚ್ಚಿ ಹೇಳುತ್ತಿದ್ದರು:
"ಮೂರನೇದು ಹಸದೈತಿ."

ಈಗ
ಕಂಪ್ರೆಸರಿನ ಪೈಪು ಮಧ್ಯಾಹ್ನವಿಡೀ ಸುಂಯ್ ಅಂದರೂ
ಪಕ್ಕದ ಸ್ಟೂಲಿನಲ್ಲೇ ಕೂತು ಗಿರಮಿಟ್ ತಿಂದರು.
ನಾನು ಎದ್ದು ವಾಲ್ವು ತಿರುವಿದೆ.
ಆ ಮಾತು ಇಬ್ಬರೂ ಎತ್ತಲಿಲ್ಲ.

ರಾತ್ರಿ ಹನ್ನೊಂದಕ್ಕೆ ಗಬ್ಬೂರು ದಾಟಿ ಬೈಪಾಸು.
ತೋಂಟೇಶ ಸ್ಟಿಯರಿಂಗಿಗೆ, ಉಸ್ತಾದರು ಪಕ್ಕಕ್ಕೆ,
ಹಿಂದೆ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪು.
ಬ್ಯಾಡಗಿಯ ಮೆಣಸಿನಕಾಯಿ ಲಾರಿಯೊಂದು ದಾಟಿತು.
ಮೂವರೂ ಸೀನಿದೆವು.

ಮೂರನೇ ಗೇರು, ಪೂರಾ ಕಾಲು.
ಮೂರು ಸಾವಿರ, ಸರಿ.
ನಾಲ್ಕು ಸಾವಿರ, ಏಳು ಪೌಂಡು ಗಾಳಿ, ಹನ್ನೊಂದೂವರೆ, ಸರಿ.
ನಾಲ್ಕೂಮುಕ್ಕಾಲಿಗೆ ಪೆಟ್ರೋಲಿನ ಮುಳ್ಳು
ನಿದ್ದೆ ಬಂದ ಹುಡುಗನ ಕುತ್ತಿಗೆಯಂತೆ ಬಾಗಿತು,
ಮೂರನೆಯದು ಹನ್ನೆರಡು, ಹನ್ನೆರಡೂವರೆ, ಹದಿಮೂರು
"ಕಾಲ್ ತೆಗಿ!"
ಅಂದವಳು ನಾನು. ಆದರೆ ಅಷ್ಟರಲ್ಲೇ
ಉಸ್ತಾದರು ಅವನ ತೊಡೆಗೆ ಫಟ್ಟನೆ ಹೊಡೆದಿದ್ದರು.

ರಸ್ತೆ ಬದಿಗೆ ನಿಂತು ಲ್ಯಾಪ್‌ಟಾಪಿನಲ್ಲಿ ಪೆಟ್ರೋಲು ಹೆಚ್ಚಿಸಿದೆ.
ಮತ್ತೆ ಓಡಿಸಿದೆವು. ಮತ್ತದೇ ಹದಿಮೂರು.
ಇನ್ನೂ ಹೆಚ್ಚಿಸಿದೆ.
"ಎಂಟು ದಿನಕ್ಕೊಮ್ಮೆ ನಳ ಬರೂ ಊರಾಗ ಬೆಳದಾಕಿ ನೀ,"
ಅಂದರು ಉಸ್ತಾದರು, ಊರಿಗೇ ಕೇಳುವಷ್ಟು ಜೋರಾಗಿ,
"ಬರೇ ತೋಟಿ ತಿರುವಿದ್ರ ನೀರು ಬರತಾವನ?"

ಹಿಂದಿನ ಸೀಟು ಎತ್ತಿಸಿದರು.
ಪಂಪಿನ ವೈರಿಗೆ ಬೆರಳು ಮುಟ್ಟಿಸಿ, ನನ್ನ ಬೆರಳನ್ನೂ ಎಳೆದು ಇಟ್ಟರು.
ಬಿಸಿ.
ಶ್ಯಾವಿಗೆಯಷ್ಟು ಸಣ್ಣ ವೈರು,
ಕಂಪನಿಯವರು ಪುಟ್ಟ ಪಂಪಿಗೆಂದು ಎಳೆದದ್ದು.
ದೊಡ್ಡ ಪಂಪು ಅದರ ತುದಿಯಲ್ಲಿ ಉಪವಾಸ ಕೂತಿತ್ತು.

ಮರುದಿನ ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ರಿಲೇ,
ಬಣ್ಣ ಕೆರೆದು ಹೊಸ ಅರ್ಥಿಂಗು.
ನೂರಾ ಎಂಬತ್ತು ರೂಪಾಯಿಯ ಸಾಮಾನು.

ರಾತ್ರಿ ಅದೇ ರಸ್ತೆ, ಅದೇ ಗೇರು.
ಗಾಳಿ ಏರಿದಷ್ಟೂ ಪೆಟ್ರೋಲಿನ ಮುಳ್ಳು ಏರಿತು.
ಆರು ಸಾವಿರಕ್ಕೂ ಮೂರನೆಯದು ಮೊಳೆ ಹೊಡೆದಂತೆ ನಿಂತಿತು.
ತೋಂಟೇಶ ಹೋ ಎಂದು ಕಿರುಚಿದ,
ಉಸ್ತಾದರು ತಿರುಗಲಿಲ್ಲ.
ಗಡ್ಡಕ್ಕೆ ಆ ಕೆಂಪು ಬೆಳಕು ಹತ್ತಿತ್ತು.
"ಹನ್ನೊಂದೂವರೆ," ಅಂದರು. ಸ್ವಲ್ಪ ತಡೆದು,
"ಹನ್ನೊಂದೂವರೆನs."

ಸೋಮವಾರ ನಾಲ್ಕನೇ ಮೀಟರೊಂದು ತರಿಸಿದೆ.
ತೋಂಟೇಶನ ಬಿಲ್ಲಿಗೆ ಬರೆಯಲಿಲ್ಲ.
ಕಂಪ್ರೆಸರಿನ ಪೈಪಿಗೆ ಬಿಗಿದೆ, ಅವರ ಸ್ಟೂಲಿನ ಎದುರಿಗೇ,
ದೊಡ್ಡ ಅಂಕಿಯದು.
ಅವರು ಬಂದರು, ಗಿರಮಿಟಿನ ಪೊಟ್ಟಣ ಬಿಚ್ಚಿದರು,
ನನ್ನ ಕಡೆ ನೋಡಲಿಲ್ಲ.
ಅರ್ಧ ತಿಂದ ಮೇಲೆ, ಗಾಜನ್ನು ಅಂಗಿಯ ತುದಿಯಿಂದ ಒರೆಸಿ:

"ಇಳೀಲಿಕ್ಕತೈತಿ. ಎಲ್ಲೋ ಗಾಳಿ ಹೊಂಟೈತಿ ನೋಡ, ನೀಲಾ."