ವಿಷಯ ಸಂಖ್ಯೆ ಏಳು

ಆರನೆಯದು ಬೀದಿದೀಪ. ಅದಕ್ಕೇ ಹನ್ನೆರಡೂವರೆ ಆಯಿತು.
ಏಳನೆಯದು: ಶನಿವಾರಸಂತೆ ಬಸ್‌ಸ್ಟ್ಯಾಂಡಿನ ಹಿಂದೆ
ಹನ್ನೊಂದು ಟಾರ್ಪಾಲು ಹೊದ್ದು ಕೂತಿರುವ
ಬೈಲುಕಮ್ಮಾರರಿಗೆ ಶಾಶ್ವತ ಜಾಗ ಗೊತ್ತುಮಾಡುವುದು.
ನಾನು ನಡವಳಿ ಬರೆಯುವವ. ‘ಶಾಶ್ವತ’ದ ‘ತ’ಕ್ಕೆ
ಇಂಕು ಸಾಲಲಿಲ್ಲ, ಪೆನ್ನು ಕೊಡವಿದೆ.

ಪೈಸಾರಿ ಮೂರು ಕಡೆ ಇದೆ, ಎಂದು ಪಿಡಿಒ
ನಕ್ಷೆ ಬಿಡಿಸಿದರು, ಮೂಲೆ ಮಡಚದಂತೆ ಚಹಾದ ಲೋಟ ಇಟ್ಟು.
ಒಂದು, ಆನೆ ಕಂದಕದ ಆಚೆ.
‘ಆಚೆ ಅಂದರೆ ಯಾರಿಂದ ಆಚೆ, ನಮ್ಮಿಂದಲೋ ಆನೆಯಿಂದಲೋ?’
ಕುಂಞಾಲಿ ಕೇಳಿದರು, ತಮಾಷೆಗಲ್ಲ.
ಎರಡು, ಸ್ಮಶಾನಕ್ಕೆ ಬಿಟ್ಟ ಜಾಗದ ಅಂಚು;
ಹೆಣಗಳ ಪರವಾಗಿ ಸಂಕಪ್ಪನವರು ಎದ್ದು ನಿಂತರು.
ಮೂರು, ಕಸದ ಘಟಕದ ಪಕ್ಕ, ಒಂದು ಎಕರೆ ಹದಿನೆಂಟು ಸೆಂಟು.
ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ.
ಯಾರೂ ಏನೂ ಅನ್ನದಿದ್ದರೆ ನಾವು
‘ಸರ್ವಾನುಮತ’ ಎಂದು ಬರೆದುಕೊಳ್ಳುತ್ತೇವೆ.

ಗೋದಾಬಾಯಿಯನ್ನು ಒಳಗೆ ಕರೆದದ್ದು ಅಧ್ಯಕ್ಷೆ ಚೋಂದಮ್ಮ.
ಬೆಳಗಿನಿಂದ ಮೆಟ್ಟಿಲ ಮೇಲಿದ್ದಳು, ಮೊಮ್ಮಗಳ ಜೊತೆ,
ಮಡಿಲಲ್ಲಿ ಆಧಾರ್ ಕಾರ್ಡುಗಳ ಪ್ಲಾಸ್ಟಿಕ್ ಚೀಲ.
ಒಂದೊಂದು ಕಾರ್ಡಿಗೆ ಒಂದೊಂದು ಊರು:
ಫೋಟೊ ಹಿಡಿಯುವವರು ಎಲ್ಲಿ ಸಿಕ್ಕರೋ ಅದೇ ವಿಳಾಸ.
ಅವಳದು ‘ರೈಲ್ವೆ ಗೇಟ್ ಹತ್ತಿರ, ಅರಸೀಕೆರೆ’.
ಕೊಡಗಿಗೂ ರೈಲು ಬಂತಪ್ಪಾ, ಎಂದು ಯಾರೋ ನಕ್ಕರು.

‘ಇಲ್ಲಿ ಹತ್ತು ವರ್ಷ ಇದ್ದದ್ದಕ್ಕೆ ದಾಖಲೆ ಬೇಕಮ್ಮ.’
ಅವಳು ಸುತ್ತ ನೋಡಿದಳು. ಕಿಟಕಿಯ ಹಲಗೆ ಮೇಲೆ
ಅಟೆಂಡರ್ ಕುಶಾಲ ಹಲಸು ಬಿಡಿಸುವ ಕತ್ತಿ, ಮೇಣ ಹತ್ತಿದ್ದು.
ತೆಗೆದಳು. ಹಿಡಿಯ ಬುಡವನ್ನು ಸೆರಗಿಗೆ ಉಜ್ಜಿ
ಮೂರು ಚುಕ್ಕೆ ತೋರಿಸಿದಳು.
‘ನಮ್ಮ ಮಾವನ ಕೈಯಿದು. ಇವಳಪ್ಪ ತೊಟ್ಟಿಲಲ್ಲಿದ್ದ ವರ್ಷದ್ದು.
ಎರಡು ಚುಕ್ಕೆ ಇದ್ದರೆ ನನ್ನ ಗಂಡ. ಒಂದೇ ಇದ್ದರೆ ನಾನು.
ನಿಮ್ಮ ನಿಮ್ಮ ಮನೆಗೆ ಹೋಗಿ ನೋಡಿ.’

ಸಂಕಪ್ಪನವರಿಗೆ ತಮ್ಮ ಮರಗಸಿ ಕತ್ತಿ ನೆನಪಾಗಿರಬೇಕು,
ಹೆಬ್ಬೆರಳಿಂದ ತೋರುಬೆರಳ ತುದಿ ಸವರುತ್ತಿದ್ದರು.
‘ಕತ್ತಿಯನ್ನು ಕಡತಕ್ಕೆ ಲಗತ್ತಿಸೋಕೆ ಬರಲ್ಲ’
ಅಂದರು ಪಿಡಿಒ, ಬೇಜಾರಿನಿಂದಲೇ.

‘ಆ ಜಾಗದ ಮುಂದೆ ಯಾರು ಓಡಾಡ್ತಾರೆ?’
‘ಕಸದ ಗಾಡಿ.’
‘ಕಸದ ಗಾಡಿಗೆ ಕುಡುಗೋಲು ಬೇಕಾ?’
ಫ್ಯಾನು ತಿರುಗುತ್ತಿತ್ತು.
‘ನೀರು?’
‘ಬರುತ್ತೆ.’
‘ಕರೆಂಟು?’
‘ಮುಂದಿನ ಸಾಲಿನಲ್ಲಿ.’
ಕತ್ತಿಯನ್ನು ಇದ್ದಲ್ಲೇ ಇಟ್ಟು, ಬಾಯಿ ಗೋಡೆ ಕಡೆ ಮಾಡಿ,
‘ಬರ್ಕೊಳ್ಳಿ. ಇವಳ ಹೆಸರಿಗೆ ಮಾಡಿ.
ನನ್ನ ಹೆಸರಿಗೆ ಬೇಡ, ಆಮೇಲೆ ನಾನು ಅಲ್ಲೇ ಸಾಯಬೇಕಾಗುತ್ತೆ.’
ಹುಡುಗಿಯ ಹೆಸರು ಕೇಳಿದೆ. ‘ಶೇವಂತಿ’ ಅಂದಿತು,
ಎರಡನೆಯ ಸಲ ಸ್ವಲ್ಪ ಜೋರಾಗಿ.

ಸೋಮವಾರ ಸರ್ವೆಯವರು ಬಂದರು. ಗಡಿಕಲ್ಲು ನಾಲ್ಕು ಇಳಿದವು.
ಅಲ್ಲಿಯ ನೆಲ ಜಂಬಿಟ್ಟಿಗೆ; ಪಂಚಾಯಿತಿಯ ಹಾರೆ ಮೊಂಡು.
ಕುಶಾಲ ಅದನ್ನು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದ,
ವೋಚರ್ ಪುಸ್ತಕ ಹಿಡಿದು ಹಿಂದೆ ನಾನು.
ಶೇವಂತಿ ಸೈಕಲ್ ಚಕ್ರ ತಿರುಗಿಸಿದಳು, ಇದ್ದಿಲು ಉಸಿರಾಡಿತು.
ಮುದುಕಿ ಇಕ್ಕಳದಲ್ಲಿ ಹಾರೆ ಹೊರಳಿಸುತ್ತ ಹೊರಳಿಸುತ್ತ
ಸುತ್ತಿಗೆಯವನಿಗೆ ಎಲ್ಲಿ ಬೀಳಬೇಕೆಂದು ಕಣ್ಣಲ್ಲೇ ಹೇಳಿದಳು.

ಅರವತ್ತು ರೂಪಾಯಿ. ಹೆಬ್ಬೆಟ್ಟು.
‘ವಿಳಾಸ ಅಂತಿದೆ,’ ಅಂದೆ.
‘ಗುಂಡಿ ತೋಡಿ ಆಯ್ತಾ ಅಲ್ಲಿ?’
‘ಇಲ್ಲ. ಹಾರೆ ಇಲ್ಲೇ ಇದೆಯಲ್ಲ.’
‘ಹಂಗಿದ್ದರೆ ಇಲ್ಲಿದೇ ಬರಿ.’

ನೀರಿಗಿಟ್ಟ ಮೊನೆ ಚುಂಯ್ ಎಂದು ಸುಮ್ಮನಾಯಿತು.
ಬಗ್ಗಿ ಹಾರೆಯ ಬುಡ ನೋಡಿದೆ, ತಿರುಗಿಸಿ ನೋಡಿದೆ.
‘ರಿಪೇರಿಗೆ ಚುಕ್ಕೆ ಇಲ್ಲ ಸ್ವಾಮೀ’ ಅಂದಳು,
‘ಬಿಸಿಯಿದೆ, ಹಿಂದಿನಿಂದ ಹಿಡೀರಿ.’